ಪುಸ್ತಕದ ಫೋಟೋ: ನೀವು ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಚಿಕ್ಕಮಗಳೂರಿನಲ್ಲಿ. ಕನ್ನಡದಲ್ಲಿ ಬರೆಯುವವರ ಪುಸ್ತಕಗಳನ್ನು ಚೆಂದವಾಗಿ ಜೋಡಿಸಿ ಫೋಟೋ ತೆಗೆದುಕೊಡುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಐನೂರು ಪ್ರತಿ ಹಾಕಿಸಿ, ಅದರಲ್ಲಿ ಅರ್ಧ ಮನೆಯ ಅಟ್ಟದಲ್ಲೇ ಇಟ್ಟುಕೊಂಡು, ವಾಟ್ಸಾಪ್ ಸ್ಟೇಟಸ್ ಮೇಲೆಯೇ ಮಾರಬೇಕಾದವರು. ಅವರು ಫೋನ್ ಮಾಡಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನನ್ನಿಂದಲೇ ತೆಗೆಸಬೇಕು ಅಂತೇನಿಲ್ಲ. ಇದನ್ನು ಓದಿ ನೀವೇ ತೆಗೆದುಕೊಂಡರೂ ನನಗೆ ಖುಷಿಯೇ.

ಮುಖಪುಟದ ಪಿಡಿಎಫ್ ಇದೆ. ಅದನ್ನೇ ಹಾಕಿದರೆ ಸಾಲದಾ?

ಅದೂ ಬೇಕು. ಆನ್‌ಲೈನ್ ಅಂಗಡಿಗಳು ಮೊದಲು ಕೇಳುವುದು ಅದನ್ನೇ. ಆದರೆ ಅದನ್ನು ನೋಡಿದವರಿಗೆ ಒಂದು ಚಿತ್ರ ಕಾಣುತ್ತದೆ, ಪುಸ್ತಕ ಕಾಣುವುದಿಲ್ಲ. ದಪ್ಪ ಎಷ್ಟಿದೆ, ಕೈಯಲ್ಲಿ ಹಿಡಿದರೆ ಹೇಗಿರುತ್ತದೆ, ಒಳಗಿನ ಅಕ್ಷರ ದೊಡ್ಡದಾ ಸಣ್ಣದಾ, ಹಾಳೆ ಬಿಳಿಯಾ ಸ್ವಲ್ಪ ಹಳದಿಯಾ, ಇದೆಲ್ಲ ಅಂಗಡಿಯಲ್ಲಿ ಪುಸ್ತಕ ಕೈಗೆತ್ತಿಕೊಂಡ ಕೂಡಲೇ ಗೊತ್ತಾಗುತ್ತದೆ. ಫೋನಿನಲ್ಲಿ ನೋಡುವವರಿಗೆ ಅದನ್ನು ನಾವೇ ತೋರಿಸಬೇಕು, ಅಲ್ವಾ? ನಮ್ಮ ಕಡೆಯ ಊರುಗಳಲ್ಲಿ ಪುಸ್ತಕದಂಗಡಿ ಅಂದರೆ ಗೈಡು, ನೋಟ್‌ಬುಕ್ಕು, ಜಾಮಿಟ್ರಿ ಬಾಕ್ಸು. ಕಥೆ, ಕವನ ಹುಡುಕಿಕೊಂಡು ಹೋದವರು ಬರಿಗೈಲಿ ಬರುತ್ತಾರೆ. ಅಂಥವರಿಗೆ ನಿಮ್ಮ ಫೋಟೋನೇ ಅಂಗಡಿಯ ಕಪಾಟು.

ಪ್ರೆಸ್‌ಗೆ ಕೊಟ್ಟ ಫೈಲು ಸಾಮಾನ್ಯವಾಗಿ ಸಿಎಂವೈಕೆಯಲ್ಲಿರುತ್ತದೆ, ಅಂದರೆ ಶಾಯಿಯ ಲೆಕ್ಕದ ಬಣ್ಣ. ಪರದೆಗೆ ಆರ್‌ಜಿಬಿ ಬೇಕು. ಮುಖಪುಟ ಮಾಡಿದವರ ಹತ್ತಿರ ಆರ್‌ಜಿಬಿ ಜೆಪಿಜಿ ಬೇರೆಯಾಗಿ ಕೇಳಿ ಇಟ್ಟುಕೊಳ್ಳಿ. ಪುಸ್ತಕ ಬಂದು ಆರು ತಿಂಗಳಾದ ಮೇಲೆ ಕೇಳಿದರೆ ಎಷ್ಟೋ ಸಲ ಅವರ ಹತ್ತಿರವೂ ಇರುವುದಿಲ್ಲ.

ನೀವು ಪುಸ್ತಕ ಓದುತ್ತೀರಾ, ಇಲ್ಲ ಕವರ್ ನೋಡಿ ತೆಗೆಯುತ್ತೀರಾ?

ಓದುತ್ತೇನೆ. ಪೂರ್ತಿ ಓದುತ್ತೇನೆ. ಇದಕ್ಕೇ ನಾನು ತಿಂಗಳಿಗೆ ನಾಲ್ಕೈದು ಪುಸ್ತಕಕ್ಕಿಂತ ಜಾಸ್ತಿ ಒಪ್ಪಿಕೊಳ್ಳುವುದಿಲ್ಲ.

ಒಮ್ಮೆ ನಿವೃತ್ತ ಮೇಷ್ಟ್ರೊಬ್ಬರು ಕವನ ಸಂಕಲನ ಕಳಿಸಿದರು. ಮುಖಪುಟದಲ್ಲಿ ನೀಲಿ ಬೆಟ್ಟ. ಓದದೇ ಇದ್ದಿದ್ದರೆ ಸೀದಾ ಗಿರಿಗೆ ಹೋಗಿ ಮಂಜಿನ ನಡುವೆ ಇಟ್ಟು ತೆಗೆದು ಬರುತ್ತಿದ್ದೆ. ಓದಿದರೆ, ಅರ್ಧಕ್ಕಿಂತ ಜಾಸ್ತಿ ಕವನಗಳು ತೀರಿಕೊಂಡ ಹೆಂಡತಿಯ ಬಗ್ಗೆ. ಒಂದರಲ್ಲಿ ಅವರ ಹೊಲಿಗೆ ಮಿಷನ್ನು ಬರುತ್ತದೆ. ಮೇಷ್ಟ್ರಿಗೆ ಫೋನ್ ಮಾಡಿ ಕೇಳಿದೆ. ಇನ್ನೂ ಇದೆಯಮ್ಮ, ಜಗಲಿಯಲ್ಲೇ ಇದೆ ಅಂದರು. ಅವರ ಮನೆಗೇ ಹೋದೆ. ಮಿಷನ್ನಿನ ಹಲಗೆ ಮೇಲೆ ಪುಸ್ತಕ, ಪಕ್ಕದಲ್ಲಿ ಅರ್ಧ ಖಾಲಿಯಾದ ಒಂದು ದಾರದ ರೀಲು. ಬೇರೇನೂ ಇಡಲಿಲ್ಲ. ಆ ಫೋಟೋ ನೋಡಿ ಪುಸ್ತಕ ತರಿಸಿಕೊಂಡವರು ಒಳಗೆ ಓದಿದ್ದು ಅದನ್ನೇ. ಬೆಟ್ಟದ ಫೋಟೋ ನೋಡಿ ತರಿಸಿಕೊಂಡಿದ್ದರೆ ಪ್ರಕೃತಿಯ ಕವನ ಹುಡುಕುತ್ತಾ ಕೂರುತ್ತಿದ್ದರು.

ಹಾಗಾಗಿ ನನ್ನದು ಒಂದೇ ಹಟ. ಫೋಟೋದಲ್ಲಿ ಇರುವ ವಸ್ತು ಪುಸ್ತಕದ ಒಳಗಿಂದ ಬಂದಿರಬೇಕು.

ಪಕ್ಕದಲ್ಲಿ ಒಂದು ಕಾಫಿ ಲೋಟ ಇಡೋಣ್ವಾ?

ನಮ್ಮೂರಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಇದು. ಕಥೆಯಲ್ಲಿ ಕಾಫಿ ಇದ್ದರೆ ಖಂಡಿತ ಇಡೋಣ. ತೋಟದ ಕೂಲಿ ಲೈನಿನ ಕಥೆ, ಎಸ್ಟೇಟ್ ಮನೆಯ ಕಾದಂಬರಿ, ಅಮ್ಮನ ಅಡುಗೆಮನೆಯ ಪ್ರಬಂಧ, ಇವಕ್ಕೆಲ್ಲ ಒಪ್ಪುತ್ತದೆ. ಸುಮ್ನೆ ಚಿಕ್ಕಮಗಳೂರು ಅಂತ ಇಡುವುದು ಬೇಡ. ಪ್ರಪಂಚದಲ್ಲಿ ಪುಸ್ತಕದ ಫೋಟೋ ತೆಗೆಯುವವರೆಲ್ಲ ಕಾಫಿ ಇಟ್ಟಿದ್ದಾರೆ. ನಿಮ್ಮದು ಆ ರಾಶಿಯಲ್ಲಿ ಇನ್ನೊಂದು ಆಗುತ್ತದೆ ಅಷ್ಟೇ.

ಇಡುವುದೇ ಆದರೆ ನೊರೆಯಲ್ಲಿ ಹೃದಯ ಬರೆದ ಪಿಂಗಾಣಿ ಕಪ್ಪು ಬೇಡ, ಮನೆಯ ಸ್ಟೀಲ್ ಲೋಟವೇ ಇರಲಿ. ಸ್ಟೀಲಿನಲ್ಲಿ ನಿಮ್ಮ ಮುಖ, ಫೋನು, ಕಿಟಕಿ ಎಲ್ಲ ಕಾಣುತ್ತದೆ, ಅದನ್ನು ನೋಡಿಕೊಂಡು ತಿರುಗಿಸಿ. ಹಬೆ ಕಾಣಬೇಕಾದರೆ ಬೆಳಕು ಲೋಟದ ಹಿಂದಿನಿಂದ ಬರಬೇಕು, ಹಿನ್ನೆಲೆ ಕಪ್ಪಗಿರಬೇಕು. ಪುಸ್ತಕವನ್ನೆಲ್ಲ ಜೋಡಿಸಿ, ಒಂದೆರಡು ಫೋಟೋ ತೆಗೆದು ನೋಡಿ, ಕೊನೆಗೆ ಕಾಫಿ ತನ್ನಿ. ಮೊದಲೇ ತಂದರೆ ಕೆನೆ ಕಟ್ಟಿ ಸುಕ್ಕಾಗುತ್ತದೆ.

ಕಾಫಿ ಹಣ್ಣಿನ ಬಗ್ಗೆ ಒಂದು ಎಚ್ಚರಿಕೆ. ಕೊಯ್ಲಿನ ಕಾಲದಲ್ಲಿ ಒಮ್ಮೆ ಹಣ್ಣಿನ ರಾಶಿಯ ಮೇಲೆ ಬಿಳಿ ಕವರಿನ ಪುಸ್ತಕವನ್ನು ನೇರವಾಗಿ ಇಟ್ಟೆ. ಕೆಂಪು ರಾಶಿ, ಬಿಳಿ ಪುಸ್ತಕ, ನೋಡಲು ತುಂಬಾ ಚೆನ್ನಾಗಿತ್ತು. ಎತ್ತಿದಾಗ ಬೆನ್ನುಡಿಯ ಮೇಲೆಲ್ಲ ಅಂಟು ರಸ. ಅದು ಬೈಂಡಿಂಗ್‌ನಿಂದ ಬಂದ ಮೊದಲ ಪ್ರತಿ, ಲೇಖಕಿ ತಮ್ಮ ತಾಯಿಗೆ ಕೊಡಬೇಕು ಅಂತ ಇಟ್ಟುಕೊಂಡಿದ್ದದ್ದು. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ. ಈಗ ಹಣ್ಣು ಇಡುವುದಾದರೆ ಮಂಕರಿಯಲ್ಲಿ, ಪುಸ್ತಕಕ್ಕೆ ತಾಗದ ಹಾಗೆ. ಇಲ್ಲವೇ ಒಣಗಿದ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ ಬೀಜ ಬಳಸುತ್ತೇನೆ. ತೆಳು ಹುಲ್ಲಿನ ಬಣ್ಣ, ಕಲೆ ಆಗುವುದಿಲ್ಲ.

ಹಾಗಾದರೆ ಏನೇನು ಇಡಬಹುದು? ಅಂಗಡಿಯಿಂದ ತರಬೇಕಾ?

ಏನೂ ತರಬೇಡಿ. ಮನೆ ಸುತ್ತ ಒಂದು ಸುತ್ತು ಬನ್ನಿ. ಅಡಿಕೆ ಹಾಳೆ, ಹಳೇ ಕಂಬಳಿ, ಅಜ್ಜಿಯ ಸೀರೆ, ಮಂಗಳೂರು ಹೆಂಚು, ಸಿಲ್ವರ್ ಓಕಿನ ಒಣಗಿದ ಎಲೆ, ಕಾಳುಮೆಣಸಿನ ಗೊಂಚಲು, ಹಳೆಯ ಟ್ರಂಕು, ಅಪ್ಪನ ಕನ್ನಡಕ. ಇದರಲ್ಲಿ ಯಾವುದು ನಿಮ್ಮ ಪುಸ್ತಕದಲ್ಲಿದೆಯೋ ಅದು ಸಾಕು. ಒಂದು, ಹೆಚ್ಚೆಂದರೆ ಎರಡು. ಮೂರನೆಯದು ಇಟ್ಟ ಕೂಡಲೇ ಕಣ್ಣು ಪುಸ್ತಕ ಬಿಟ್ಟು ಅಲೆಯಲು ಶುರು ಮಾಡುತ್ತದೆ. ಕಂಬಳಿ ನನಗೆ ತುಂಬಾ ಇಷ್ಟ. ಒರಟಾದ ಕಪ್ಪು ಉಣ್ಣೆ ಬೆಳಕನ್ನು ನುಂಗಿಕೊಳ್ಳುತ್ತದೆ, ಅದರ ಮೇಲೆ ಯಾವ ಬಣ್ಣದ ಕವರ್ ಇಟ್ಟರೂ ಎದ್ದು ಕಾಣುತ್ತದೆ.

ಹೊಸ ಪ್ಲಾಸ್ಟಿಕ್ ಹೂವು, ಮಿಣಮಿಣ ಸೀರಿಯಲ್ ಲೈಟು, ಇವು ನನಗೆ ಹಿಡಿಸುವುದಿಲ್ಲ. ಎಲ್ಲರ ಫೋಟೋದಲ್ಲೂ ಅವೇ ಇರುತ್ತವೆ.

ದೊಡ್ಡ ಕ್ಯಾಮೆರಾ ಇಲ್ಲ. ಫೋನಿನಲ್ಲಿ ಆಗುತ್ತಾ?

ಆಗುತ್ತದೆ. ಮೊದಲು ಲೆನ್ಸ್ ಒರೆಸಿ. ಜೇಬಿನಿಂದ ತೆಗೆದ ಫೋನಿನ ಲೆನ್ಸಿನ ಮೇಲೆ ಬೆರಳಿನ ಜಿಡ್ಡು ಇದ್ದೇ ಇರುತ್ತದೆ, ಫೋಟೋ ಮಂಜು ಮಂಜಾಗುವುದು ಅದಕ್ಕೇ. ಆಮೇಲೆ ಗ್ರಿಡ್ ಗೆರೆಗಳನ್ನು ಆನ್ ಮಾಡಿ. ಪುಸ್ತಕದ ಅಂಚು ಆ ಗೆರೆಗೆ ಸರಿಯಾಗಿ ಕೂರಲಿ. ತೀರ ಹತ್ತಿರ ಹೋಗಿ ತೆಗೆದರೆ ಚೌಕ ಪುಸ್ತಕವೂ ಒಂದು ಕಡೆ ಉಬ್ಬಿದ ಹಾಗೆ, ಒಂದು ಕಡೆ ಕಿರಿದಾದ ಹಾಗೆ ಕಾಣುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು 2ಎಕ್ಸ್ ಜೂಮ್ ಇಟ್ಟು ತೆಗೆಯಿರಿ.

ಪೋರ್ಟ್ರೇಟ್ ಮೋಡ್ ಬಗ್ಗೆ ಹುಷಾರು. ಅದು ಯಂತ್ರದ ಊಹೆಯಿಂದ ಹಿನ್ನೆಲೆ ಮಸುಕು ಮಾಡುತ್ತದೆ, ಪುಸ್ತಕದ ಮೂಲೆಯನ್ನೂ ಹಿನ್ನೆಲೆ ಅಂದುಕೊಂಡು ತಿಂದುಬಿಡುತ್ತದೆ. ಕನ್ನಡಕ್ಕೆ ಇದರಿಂದ ಇನ್ನೊಂದು ತೊಂದರೆ ಇದೆ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ಇರುತ್ತದೆ. ಒತ್ತು ಮಸುಕಾದರೆ 'ಅಕ್ಕ' ಹೋಗಿ 'ಅಕ' ಆಗುತ್ತದೆ. ಪುಸ್ತಕವನ್ನು ಜಾಸ್ತಿ ಮಲಗಿಸಿ ಓರೆಯಾಗಿ ತೆಗೆದಾಗಲೂ ಹೀಗೇ, ಒತ್ತಕ್ಷರ ಮೇಲಿನ ಅಕ್ಷರಕ್ಕೆ ಅಂಟಿಕೊಂಡ ಹಾಗೆ ಕಾಣುತ್ತದೆ. ತೆಗೆದ ಮೇಲೆ ಫೋಟೋವನ್ನು ಹೆಬ್ಬೆರಳ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಆಗಲೂ ಪುಸ್ತಕದ ಹೆಸರು ಓದಲು ಬರಬೇಕು. ಬರದಿದ್ದರೆ ಮತ್ತೆ ತೆಗೆಯಿರಿ.

ಬೆಳಕು ಎಲ್ಲಿಂದ ತರುವುದು? ಲೈಟ್ ಕೊಳ್ಳಬೇಕಾ?

ಕಿಟಕಿ ಸಾಕು. ನೇರ ಬಿಸಿಲು ಒಳಗೆ ಬೀಳದ ಕಿಟಕಿ ಹುಡುಕಿ. ಉತ್ತರದ ಕಿಟಕಿಯಲ್ಲಿ ಹೆಚ್ಚುಕಮ್ಮಿ ದಿನವಿಡೀ ಮೆದು ಬೆಳಕಿರುತ್ತದೆ. ಪುಸ್ತಕವನ್ನು ಕಿಟಕಿಯ ಪಕ್ಕಕ್ಕೆ ಇಡಿ, ಬೆಳಕು ಎಡದಿಂದಲೋ ಬಲದಿಂದಲೋ ಬೀಳಲಿ. ಇನ್ನೊಂದು ಕಡೆ ಕತ್ತಲಾಗುತ್ತದಲ್ಲ, ಅಲ್ಲಿಗೆ ಒಂದು ಬಿಳಿ ಥರ್ಮಾಕೋಲ್ ಹಾಳೆ ನಿಲ್ಲಿಸಿ. ಕತ್ತಲು ಅರ್ಧ ತಿಳಿಯಾಗುತ್ತದೆ. ಮನೆಯ ಟ್ಯೂಬ್‌ಲೈಟ್ ಆರಿಸಿಬಿಡಿ. ಕಿಟಕಿಯ ಬೆಳಕಿನ ಬಣ್ಣ ಬೇರೆ, ಟ್ಯೂಬಿನದ್ದು ಬೇರೆ, ಎರಡೂ ಸೇರಿದರೆ ಹಾಳೆ ಒಂದು ಕಡೆ ನೀಲಿ, ಒಂದು ಕಡೆ ಹಸಿರು ಹೊಡೆಯುತ್ತದೆ. ಫ್ಲ್ಯಾಶ್ ಬೇಡವೇ ಬೇಡ.

ನೆಂಟರ ಪೈಕಿ ಯಾರದ್ದಾದರೂ ತೊಟ್ಟಿಮನೆ ಉಳಿದಿದ್ದರೆ ನೀವು ಪುಣ್ಯವಂತರು. ತೊಟ್ಟಿಯ ಸುತ್ತಲಿನ ಕಟ್ಟೆಯ ಮೇಲೆ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬೀಳುವ ಬೆಳಕಿನಷ್ಟು ಒಳ್ಳೆಯ ಬೆಳಕನ್ನು ನಾನು ಯಾವ ಸ್ಟುಡಿಯೋದಲ್ಲೂ ಕಂಡಿಲ್ಲ. ಬಿಸಿಲು ಮೇಲಿನಿಂದ ಇಳಿದು, ಒಂದು ಗೋಡೆಗೆ ಬಡಿದು, ಇನ್ನೊಂದು ಗೋಡೆಗೆ ಹೋಗಿ, ಮೆತ್ತಗಾಗಿ ನಿಮ್ಮ ಪುಸ್ತಕಕ್ಕೆ ತಲುಪುತ್ತದೆ. ಹೆಂಚಿನ ಮಾಡಿನಲ್ಲಿ ಗಾಜಿನ ಹೆಂಚು ಇದ್ದರೆ ಕತ್ತಲ ಕೋಣೆಯಲ್ಲಿ ಒಂದೇ ಕೋಲು ಬೆಳಕು ಸಿಗುತ್ತದೆ. ಪತ್ತೇದಾರಿ ಕಾದಂಬರಿಗೆ ಅದಕ್ಕಿಂತ ಬೇಕಾ?

ಗ್ಲಾಸಿ ಕವರ್. ಎಲ್ಲಿ ಇಟ್ಟರೂ ಬಿಳಿ ಹೊಳಪು ಬರುತ್ತದೆ, ಏನು ಮಾಡಲಿ?

ಕೇರಂ ಆಡಿದ್ದೀರಲ್ಲ. ಸ್ಟ್ರೈಕರ್ ಯಾವ ಓರೆಯಲ್ಲಿ ಅಂಚಿಗೆ ಬಡಿಯುತ್ತದೋ ಅದೇ ಓರೆಯಲ್ಲಿ ಆಚೆ ಹೋಗುತ್ತದೆ. ಬೆಳಕೂ ಹಾಗೇ. ಕಿಟಕಿಯಿಂದ ಬಂದು ಕವರಿಗೆ ಬಡಿದು ಹೋಗುವ ದಾರಿಯಲ್ಲಿ ನಿಮ್ಮ ಫೋನ್ ಇದೆ, ಅದಕ್ಕೇ ಹೊಳಪು. ಪುಸ್ತಕ ಅಲ್ಲೇ ಇರಲಿ, ನೀವು ಸ್ವಲ್ಪ ಆಚೀಚೆ ಸರಿಯಿರಿ, ಹೊಳಪು ಮಾಯವಾಗುವ ಜಾಗ ಸಿಗುತ್ತದೆ. ಸಿಗಲಿಲ್ಲ ಅಂದರೆ ಕವರಿನಲ್ಲಿ ಪ್ರತಿಫಲಿಸುತ್ತಿರುವ ಕಡೆಗೆ ಕಪ್ಪು ಬಟ್ಟೆ ಹಿಡಿಯಲು ಯಾರನ್ನಾದರೂ ಕರೆಯಿರಿ. ಕ್ಯಾಮೆರಾ ಇದ್ದವರಿಗೆ ಪೋಲರೈಸರ್ ಫಿಲ್ಟರ್ ತುಂಬಾ ಉಪಕಾರಿ.

ಬಂಗಾರದ ಫಾಯಿಲ್ ಅಕ್ಷರ ಇದ್ದರೆ ಲೆಕ್ಕ ಉಲ್ಟಾ. ಅದಕ್ಕೆ ಹೊಳಪು ಬೇಕು, ಇಲ್ಲದಿದ್ದರೆ ಮಣ್ಣಿನ ಬಣ್ಣ ಕಾಣುತ್ತದೆ. ಅಂಥ ಪುಸ್ತಕಕ್ಕೆ ನಾನು ಥರ್ಮಾಕೋಲ್ ಹಾಳೆಯನ್ನೇ ಆ ದಾರಿಯಲ್ಲಿ ಹಿಡಿಸುತ್ತೇನೆ. ಇನ್ನೂ ಪ್ರೆಸ್‌ಗೆ ಹೋಗದವರಿಗೆ ನನ್ನ ಸಲಹೆ, ಮ್ಯಾಟ್ ಲ್ಯಾಮಿನೇಷನ್ ಹಾಕಿಸಿ.

ಫೋಟೋದಲ್ಲಿ ಕವರಿನ ಬಣ್ಣವೇ ಬೇರೆ ಬರುತ್ತಿದೆ!

ನಿಮ್ಮ ಮನೆಯದು ರೆಡ್ ಆಕ್ಸೈಡ್ ನೆಲವಾ? ಹೌದು ಅಂದರೆ ಅದೇ ಕಾರಣ ಇರಬಹುದು. ಆ ನೆಲ ಚೆಂದ, ನನಗೂ ಪ್ರಾಣ. ಆದರೆ ಅದು ಬೆಳಕಿಗೆ ಕೆಂಪು ಬೆರೆಸಿ ಮೇಲಕ್ಕೆ ಎಸೆಯುತ್ತದೆ. ಬಿಳಿ ಹಾಳೆ ಗುಲಾಬಿಯಾಗುತ್ತದೆ, ಹಸಿರು ಕವರು ಮಂಕಾಗುತ್ತದೆ. ತೋಟದಲ್ಲಿ ತೆಗೆದರೆ ಎಲೆಯಿಂದ ಸೋಸಿ ಬಂದ ಬೆಳಕು ಎಲ್ಲವನ್ನೂ ಹಸಿರು ಮಾಡುತ್ತದೆ. ಮೊದಲ ಫೋಟೋ ತೆಗೆಯುವಾಗ ಪುಸ್ತಕದ ಪಕ್ಕ ಒಂದು ಬಿಳಿ ಹಾಳೆ ಇಡಿ. ಆಮೇಲೆ ಆಪ್‌ನಲ್ಲಿ ವೈಟ್ ಬ್ಯಾಲೆನ್ಸ್ ಸರಿ ಮಾಡುವಾಗ ಆ ಹಾಳೆ ಬಿಳಿಯಾಗಿ ಕಾಣುವವರೆಗೆ ತಿದ್ದಿ, ಅದೇ ತಿದ್ದುಪಡಿಯನ್ನು ಉಳಿದ ಫೋಟೋಗಳಿಗೂ ಹಾಕಿ. ಫಿಲ್ಟರ್ ಹಾಕಬೇಡಿ. ಮುಖಪುಟ ಬರೆದ ಕಲಾವಿದರು ಆ ಬಣ್ಣವನ್ನು ಯೋಚಿಸಿಯೇ ಆರಿಸಿರುತ್ತಾರೆ.

ಮಳೆಗಾಲದಲ್ಲಿ ಪುಸ್ತಕದ ಕವರ್ ಹೊರಗೆ ಸುರುಳಿ ಸುತ್ತಿಕೊಳ್ಳುತ್ತದೆ. ಪ್ರೆಸ್‌ನವರ ತಪ್ಪಾ?

ಹೆಚ್ಚಾಗಿ ಅಲ್ಲ. ಕವರಿನ ಹೊರಮೈಗೆ ಪ್ಲಾಸ್ಟಿಕ್ ಪದರ ಇದೆ, ಅದು ತೇವ ಕುಡಿಯುವುದಿಲ್ಲ. ಒಳಮೈ ಬರೀ ಕಾಗದ, ಅದು ಕುಡಿದು ಹಿಗ್ಗುತ್ತದೆ. ಒಳಗಡೆ ಹಿಗ್ಗಿತು, ಹೊರಗಡೆ ಹಿಗ್ಗಲಿಲ್ಲ, ಕವರ್ ಹೊರಗೆ ಬಾಗಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಪ್ಪ, ಶೃಂಗೇರಿ, ಮೂಡಿಗೆರೆ, ಸಕಲೇಶಪುರದ ಕಡೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಪುಸ್ತಕದ ಪಾಡು ಕೇಳಬೇಕಾ.

ನಾನು ಮಾಡುವುದು ಇಷ್ಟು. ಬಿಗಿ ಮುಚ್ಚಳದ ದೊಡ್ಡ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಪುಸ್ತಕವನ್ನು ಎರಡು ದಿನ ಇಡುತ್ತೇನೆ. ಆಮೇಲೆ ಒಂದು ರಾತ್ರಿ ಭಾರದ ಕೆಳಗೆ ಒತ್ತಿಡುತ್ತೇನೆ. ಫೋಟೋ ತೆಗೆಯುವ ಹೊತ್ತಿಗೆ ಮಾತ್ರ ಆಚೆ ತೆಗೆಯುತ್ತೇನೆ, ಯಾಕೆಂದರೆ ಜೋರು ಮಳೆಯ ದಿನ ಅರ್ಧ ಗಂಟೆಯಲ್ಲೇ ಮತ್ತೆ ಬಾಗಲು ಶುರು. ಇಸ್ತ್ರಿ ಪೆಟ್ಟಿಗೆ ಮಾತ್ರ ತಾಗಿಸಬೇಡಿ, ಲ್ಯಾಮಿನೇಷನ್ ಗುಳ್ಳೆ ಏಳುತ್ತದೆ. ಕ್ಯಾಮೆರಾಕ್ಕೂ ಇಂಥದೇ ಡಬ್ಬಿ ಬೇಕು. ತೇವ 40ರಿಂದ 50 ಶೇಕಡಾ ಇದ್ದರೆ ಸರಿ. ಅದಕ್ಕಿಂತ ತುಂಬಾ ಜಾಸ್ತಿಯಾದರೆ ಲೆನ್ಸಿನೊಳಗೆ ಫಂಗಸ್ ಬರುತ್ತದೆ.

ಆದರೂ ಮಳೆಗಾಲ ನನಗೆ ಇಷ್ಟದ ಕಾಲ. ಮೋಡ ಮುಚ್ಚಿದ ಆಕಾಶ ಅಂದರೆ ಇಡೀ ಊರಿಗೇ ಬಿಳಿ ಬಟ್ಟೆ ಕಟ್ಟಿದ ಹಾಗೆ, ಎಲ್ಲೂ ಗಡಸು ನೆರಳಿಲ್ಲ. ಬೆಳಕು ಕಮ್ಮಿ ಇರುತ್ತದೆ ಅಷ್ಟೇ. ಫೋನನ್ನು ಟ್ರೈಪಾಡ್ ಮೇಲೋ ಅಕ್ಕಿ ಚೀಲಕ್ಕೆ ಆನಿಸಿಯೋ ಇಟ್ಟು, ಮೂರು ಸೆಕೆಂಡ್ ಟೈಮರ್ ಹಾಕಿ ಕೈ ತೆಗೆಯಿರಿ.

ಬೇಲೂರು, ಹಳೇಬೀಡು, ಮುಳ್ಳಯ್ಯನಗಿರಿಯಲ್ಲಿ ತೆಗೆದುಕೊಡುತ್ತೀರಾ?

ಪುಸ್ತಕ ಕೇಳಿದರೆ ಹೋಗೋಣ. ಹೊಯ್ಸಳರ ಇತಿಹಾಸದ ಪುಸ್ತಕಕ್ಕೆ, ಶಿಲ್ಪದ ಬಗ್ಗೆ ಬರೆದವರಿಗೆ ಬೇಲೂರು, ಹಳೇಬೀಡು ಬಿಟ್ಟು ಬೇರೆ ಜಾಗ ಯಾಕೆ? ಆ ಬಳಪದ ಕಲ್ಲಿನ ಬೂದು ಬಣ್ಣ ಮುಖಪುಟಕ್ಕೆ ಒಳ್ಳೆಯ ಹಿನ್ನೆಲೆ. ಆದರೆ ಪುಸ್ತಕವನ್ನು ಶಿಲ್ಪಕ್ಕೆ ಒರಗಿಸುವುದು, ಕೆತ್ತನೆಯ ಮೇಲೆ ಇಡುವುದು ಖಂಡಿತ ಇಲ್ಲ. ಕೈಯಲ್ಲಿ ಹಿಡಿದು, ಹಿಂದೆ ದೂರದಲ್ಲಿ ದೇವಸ್ಥಾನ ಕಾಣುವ ಹಾಗೆ ತೆಗೆಯುತ್ತೇನೆ. ಬೇಲೂರಿನ ಚೆನ್ನಕೇಶವನಿಗೆ 1117ರಿಂದ ಪೂಜೆ ನಡೆದುಕೊಂಡು ಬಂದಿದೆ, ಅಲ್ಲಿ ನಾವು ಭಕ್ತರ ದಾರಿಗೆ ಅಡ್ಡ ನಿಲ್ಲಬಾರದು. ಟ್ರೈಪಾಡ್ ಇಡಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು.

ಕನ್ನಡ ಲಿಪಿ, ಶಾಸನದ ಬಗ್ಗೆ ಬರೆದವರು ಬೇಲೂರು ತಾಲ್ಲೂಕಿನ ಹಲ್ಮಿಡಿಗೆ ಕರೆಯುತ್ತಾರೆ. ಸಂತೋಷದಿಂದ ಬರುತ್ತೇನೆ. ಊರಿನಲ್ಲಿ ಈಗ ಇರುವುದು ಹಲ್ಮಿಡಿ ಶಾಸನದ ಪ್ರತಿಕೃತಿ, ಮೂಲ ಕಲ್ಲಲ್ಲ. ಫೋಟೋ ಕೆಳಗೆ ಬರೆಯುವಾಗ ಅದನ್ನು ಸರಿಯಾಗಿ ಬರೆಯಿರಿ. ಶೆಟ್ಟಿಹಳ್ಳಿಯ ಹಳೇ ಚರ್ಚು ಹೇಮಾವತಿ ಹಿನ್ನೀರು ತುಂಬಿದಾಗ ಅರ್ಧ ಮುಳುಗುತ್ತದೆ. ಒಳಗೆ ನಡೆದಾಡಬೇಕಾದರೆ ಬೇಸಿಗೆಯಲ್ಲೇ ಹೋಗಬೇಕು. ಗೋಡೆ ಹತ್ತುವುದು ಬೇಡ.

ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ. ಅಲ್ಲಿನ ಗಾಳಿ ಪುಸ್ತಕವನ್ನು ನಿಮಗಿಂತ ಬೇಗ ಓದಿ ಮುಗಿಸುತ್ತದೆ. ಹಾಳೆಗಳಿಗೆ ಹಿಂದಿನಿಂದ ಕ್ಲಿಪ್ ಹಾಕಿಕೊಂಡೇ ಹೋಗಿ.

ಕಾಫಿ ಹೂವಿನ ಜೊತೆ ತೆಗೆಸಬೇಕು. ಯಾವಾಗ ಬರಲಿ?

ದಿನಾಂಕ ಹೇಳಲು ಆಗುವುದಿಲ್ಲ. ಮಾರ್ಚ್, ಏಪ್ರಿಲ್ ಹೊತ್ತಿಗೆ ಹೂಮಳೆ ಬೀಳಬೇಕು. ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಮೂರು ನಾಲ್ಕು ದಿನಕ್ಕೆ ಹೂವು ಕಂದುತ್ತದೆ. ಪುಸ್ತಕವನ್ನು ಫೆಬ್ರವರಿಯಲ್ಲೇ ಕಳಿಸಿಟ್ಟರೆ ಹೂವು ಬಂದ ಬೆಳಿಗ್ಗೆ ನಾನೇ ಹೋಗಿ ತೆಗೆಯುತ್ತೇನೆ. ತೋಟದವರನ್ನು ಕೇಳದೆ ಒಳಗೆ ಕಾಲಿಡುವುದಿಲ್ಲ, ರೆಂಬೆ ಮುರಿಯುವುದಿಲ್ಲ. ಒಂದೊಂದು ಹೂವೂ ಅವರ ಮುಂದಿನ ಫಸಲು.

ಎಐ ಆಪ್‌ನಲ್ಲಿ ಹಿನ್ನೆಲೆ ಬದಲಿಸಿದರೆ ಇಷ್ಟೆಲ್ಲ ಕಷ್ಟ ಯಾಕೆ?

ನಾನೂ ಮಾಡಿ ನೋಡಿದ್ದೇನೆ. ಎಷ್ಟೋ ಆಪ್‌ಗಳು ಕವರಿನ ಮೇಲಿನ ಕನ್ನಡವನ್ನು ತಾವೇ ಹೊಸದಾಗಿ ಬರೆದುಬಿಡುತ್ತವೆ. ಕೊಂಬು, ಒತ್ತು ಎಲ್ಲ ಎಲ್ಲೆಲ್ಲಿಗೋ ಹೋಗಿ ನಿಮ್ಮ ಹೆಸರೇ ನಿಮಗೆ ಓದಲು ಬರುವುದಿಲ್ಲ. ಅದು ಹಾಗಿರಲಿ. ಇಲ್ಲದ ಜಾಗದಲ್ಲಿ ಇಲ್ಲದ ಪುಸ್ತಕ ತೋರಿಸುವುದು ಓದುಗರಿಗೆ ಸರಿ ಅನ್ನಿಸುವುದಿಲ್ಲ. ಪುಸ್ತಕ ಇನ್ನೂ ಪ್ರೆಸ್‌ನಲ್ಲಿದ್ದರೆ, ಅದೇ ಅಳತೆಯ ಹಳೇ ಪುಸ್ತಕಕ್ಕೆ ಬಣ್ಣದ ಪ್ರಿಂಟ್ ತೆಗೆದ ಮುಖಪುಟ ಸುತ್ತಿ ಮುಂಗಡ ಬುಕಿಂಗ್‌ಗೆ ಫೋಟೋ ತೆಗೆಯಬಹುದು. ಡೆಮಿ ಆದರೆ ಡೆಮಿಗೆ, ಕ್ರೌನ್ ಆದರೆ ಕ್ರೌನ್‌ಗೆ. ದಪ್ಪವೂ ಹೊಂದಬೇಕು. ಇದು ಮಾದರಿ ಪ್ರತಿ ಅಂತ ಕೆಳಗೆ ಬರೆದುಬಿಡಿ.

ಎಷ್ಟು ಫೋಟೋ ಬೇಕು? ಯಾವ ಅಳತೆ?

ಹತ್ತು ಇದ್ದರೆ ಮೂರು ತಿಂಗಳು ನಡೆಯುತ್ತದೆ. ಎದುರಿಗಿನ ನೋಟ, ಬೆನ್ನು ಕಾಣುವ ಹಾಗೆ ಓರೆ ನೋಟ, ಬೆನ್ನುಡಿ, ಕೈಯಲ್ಲಿ ಹಿಡಿದದ್ದು, ತೆರೆದ ಒಂದು ಪುಟ, ಹತ್ತು ಪ್ರತಿಗಳ ಕಟ್ಟು. ಉಳಿದವು ಪುಸ್ತಕದ ವಸ್ತುವಿನ ಜೊತೆ. ಕೈ ಇರುವ ಫೋಟೋ ಮರೆಯಬೇಡಿ, ಪುಸ್ತಕದ ಗಾತ್ರ ಗೊತ್ತಾಗುವುದು ಅದರಿಂದಲೇ. ಇನ್‌ಸ್ಟಾಗ್ರಾಮ್ ಪೋಸ್ಟಿಗೆ 1080×1350, ಸ್ಟೇಟಸ್ ಮತ್ತು ಸ್ಟೋರಿಗೆ 1080×1920. ಸ್ಟೇಟಸ್‌ನಲ್ಲಿ ಮೇಲೆ ಕೆಳಗೆ ಜಾಗ ಬಿಡಿ, ಅಲ್ಲಿ ನಿಮ್ಮ ಹೆಸರು, ರಿಪ್ಲೈ ಬಟನ್ ಬಂದು ಕೂರುತ್ತದೆ. ಪತ್ರಿಕೆಗೆ ಕಳಿಸುವಾಗ ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ.

ಫೋಟೋದ ಹಕ್ಕು ಯಾರದು?

ನಿಮ್ಮದು. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ತೆಗೆಸಿದವರೇ. ಹಾಗಾಗಿ ಬೇರೆಯವರ ಹತ್ತಿರ ತೆಗೆಸುವಾಗ ಯಾವ ಕಾಗದಕ್ಕೆ ಸಹಿ ಹಾಕುತ್ತಿದ್ದೀರಿ ಅಂತ ಓದಿ. ಮುಖಪುಟದ ಚಿತ್ರದ ಹಕ್ಕು ಬೇರೆ ವಿಷಯ, ಅದನ್ನು ಕಲಾವಿದರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಹಾಕಿದಾಗಲೆಲ್ಲ ಅವರ ಹೆಸರು ಬರೆಯಿರಿ.

ಇಷ್ಟೆಲ್ಲ ಮಾಡಿದರೆ ಪುಸ್ತಕ ಮಾರಾಟ ಆಗುತ್ತಾ?

ಫೋಟೋ ಒಂದರಿಂದಲೇ ಆಗುವುದಿಲ್ಲ. ಬೆರಳು ಒಂದು ಕ್ಷಣ ನಿಲ್ಲುವ ಹಾಗೆ ಮಾಡುತ್ತದೆ. ನಿಂತವರಿಗೆ ಆಮೇಲೆ ಬೇಕಾದ್ದು ಅಲ್ಲೇ ಸಿಗಬೇಕು: ಪುಟ ಎಷ್ಟು, ಬೆಲೆ ಎಷ್ಟು, ಅಂಚೆ ವೆಚ್ಚ ಸೇರಿದೆಯಾ, ಯಾವ ನಂಬರಿಗೆ ಮೆಸೇಜ್ ಮಾಡಬೇಕು. ಎಷ್ಟೊಂದು ಒಳ್ಳೆಯ ಫೋಟೋಗಳ ಕೆಳಗೆ ಇದ್ಯಾವುದೂ ಇರುವುದಿಲ್ಲ, ನೋಡಿ ಹೊಟ್ಟೆ ಉರಿಯುತ್ತದೆ. ಪುಸ್ತಕದಿಂದ ಎರಡೇ ಎರಡು ಸಾಲು ಹಾಕಿ. ಹತ್ತೂ ಫೋಟೋವನ್ನು ಬಿಡುಗಡೆಯ ದಿನವೇ ಸುರಿಯಬೇಡಿ, ವಾರಕ್ಕೊಂದು ಬಿಡಿ. ನವೆಂಬರ್‌ನಲ್ಲಿ ರಾಜ್ಯೋತ್ಸವದ ರಿಯಾಯಿತಿ ಮಾರಾಟ ಇರುತ್ತದೆ, ಆ ತಿಂಗಳಿಗೆ ಎರಡು ಹೊಸ ಫೋಟೋ ಎತ್ತಿಟ್ಟುಕೊಂಡಿರಿ.

ಎಷ್ಟು ಪ್ರತಿ ಕಳಿಸಬೇಕು? ವಾಪಸ್ ಕೊಡುತ್ತೀರಾ?

ಎರಡು ಕಳಿಸಿ. ಒಂದನ್ನು ಓದುತ್ತೇನೆ, ಪೆನ್ಸಿಲ್ಲಿನಲ್ಲಿ ಗೆರೆ ಹಾಕುತ್ತೇನೆ. ಇನ್ನೊಂದನ್ನು ಕೈ ತೊಳೆದು, ಒರೆಸಿಕೊಂಡೇ ಮುಟ್ಟುತ್ತೇನೆ, ಅದು ಫೋಟೋಕ್ಕೆ ಮಾತ್ರ. ಮೂಲೆ ಮಡಚದ, ಸಹಿ ಹಾಕದ ಪ್ರತಿ ಇರಲಿ. ಎರಡೂ ಕಡೆ ರಟ್ಟು ಇಟ್ಟು, ಮೇಲೆ ಪ್ಲಾಸ್ಟಿಕ್ ಸುತ್ತಿ ಪಾರ್ಸೆಲ್ ಮಾಡಿ, ಮಳೆಗಾಲವಾದರೆ ಎರಡು ಸುತ್ತು. ಫೋಟೋ ತೆಗೆದ ಪ್ರತಿ ಹತ್ತು ದಿನದಲ್ಲಿ ನಿಮಗೆ ವಾಪಸ್ ಬರುತ್ತದೆ. ಗೆರೆ ಹಾಕಿದ ಪ್ರತಿಯ ದುಡ್ಡನ್ನು ನಿಮ್ಮ ಬಿಲ್ಲಿನಲ್ಲಿ ಕಳೆಯುತ್ತೇನೆ, ಅದು ನನ್ನ ಕಪಾಟಿನಲ್ಲೇ ಉಳಿಯುತ್ತದೆ.